‘ಪೊರೆ ಬಲಿಯಲಿ’ ಎಂದು ಕಾಯುವ ಮುನ್ನ

ಮಾನ್ಯ ಸಂಪಾದಕರೇ,

‘ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ತೆಗೆಸಿದರಾಯ್ತು.’ ಅರವತ್ತು ದಾಟಿದವರಿರುವ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಕಣ್ಣು ಮಂಜಾಯಿತೆಂದರೆ ಪೊರೆ, ಪೊರೆಯೆಂದರೆ ಕಾಯುವುದು. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಪೊರೆ ಬಲಿಯಲೆಂದು ಕಾಯುವ ಅಗತ್ಯ ಈಗಿಲ್ಲ. ಮಂಜಾದದ್ದೆಲ್ಲ ಪೊರೆಯೂ ಅಲ್ಲ. ಎರಡನೆಯ ತಪ್ಪೇ ಹೆಚ್ಚು ದುಬಾರಿ: ಪೊರೆಯಿಂದ ಹೋದ ನೋಟ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ, ಕಣ್ಣಿನ ನರ ಸವೆಯುವ ಗ್ಲಾಕೊಮಾದಿಂದ ಹೋದದ್ದು ಮರಳುವುದೇ ಇಲ್ಲ.

ಕಾಯುವ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಆ ದಿನಗಳ ಶಿಬಿರಗಳಲ್ಲಿ ಮಂಜುಗಟ್ಟಿದ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಒಳಗೆ ಬದಲಿ ಮಸೂರ ಇಡುತ್ತಿರಲಿಲ್ಲ. ಬದಲಿಗೆ ಸುಮಾರು +10 ಪವರಿನ ಸೋಡಾಬುಡ್ಡಿ ಕನ್ನಡಕ ಸಿಗುತ್ತಿತ್ತು. ಅದರಲ್ಲಿ ಎಲ್ಲವೂ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದರಲ್ಲಿ ಅಷ್ಟಿಷ್ಟು ನೋಟ ಉಳಿದಿದ್ದರೆ ಒಂದೇ ವಸ್ತು ಎರಡು ಅಳತೆಯಲ್ಲಿ, ಎರಡೆರಡಾಗಿ ಕಾಣುತ್ತಿತ್ತು. ಹಾಗಾಗಿ ಎರಡೂ ಕಣ್ಣು ಪೂರ್ತಿ ಮಂಜಾಗುವವರೆಗೆ ಕಾಯುವುದೇ ಜಾಣತನವಾಗಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಕೃತಕ ಮಸೂರ ಇಟ್ಟದ್ದು 1949ರಲ್ಲೇ ಆದರೂ ನಮ್ಮ ಸಾಮಾನ್ಯ ರೋಗಿಗೆ ಅದು ದಕ್ಕಲು ದಶಕಗಳು ಬೇಕಾದವು. 1992ರಲ್ಲಿ ಮದುರೆಯ ಅರೋಲ್ಯಾಬ್ ಅಗ್ಗದ ದರದಲ್ಲಿ ಮಸೂರ ತಯಾರಿಸತೊಡಗಿದ ಮೇಲೆ ಚಿತ್ರವೇ ಬದಲಾಯಿತು. ಚಿಕಿತ್ಸೆ ಬದಲಾದರೂ ಮಾತು ಮಾತ್ರ ಹಾಗೇ ಉಳಿದುಕೊಂಡಿದೆ.

ಈಗ ಕಾಯುವುದರಿಂದ ಆಗುವುದು ಕೆಡುಕೇ. ಮಸೂರ ಬಲಿತಷ್ಟೂ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಪುಡಿ ಮಾಡಲು ಶಸ್ತ್ರಚಿಕಿತ್ಸೆಯ ಫೇಕೋ ಯಂತ್ರ ಹೆಚ್ಚು ಶಕ್ತಿ ಸುರಿಯಬೇಕು. ಆ ಶಕ್ತಿಯ ಹೊಡೆತ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಒಳಪದರದ ಜೀವಕೋಶಗಳಿಗೆ ತಗಲುತ್ತದೆ, ಸತ್ತ ಆ ಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ. ಕೋಶಗಳು ತೀರಾ ಕಡಿಮೆಯಾದರೆ ಕಾರ್ನಿಯಾ ನೀರು ತುಂಬಿ ಊದಿಕೊಂಡು, ಪೊರೆ ಹೋದರೂ ಮಂಜು ಉಳಿಯುತ್ತದೆ. ಇನ್ನೂ ಕಾದರೆ ಮಸೂರವೇ ಹಾಲಿನಂತೆ ಕರಗಿ ಅದರ ಪ್ರೋಟೀನು ಹೊರಗೆ ಸೋರಬಹುದು, ಇಲ್ಲವೇ ಮಸೂರ ಉಬ್ಬಿ ಕಣ್ಣಿನೊಳಗಿನ ನೀರು ಹರಿಯುವ ದಾರಿಯನ್ನು ಮುಚ್ಚಬಹುದು. ಎರಡರಲ್ಲೂ ಕಣ್ಣೊಳಗಿನ ಒತ್ತಡ ಏರಿ ಕಣ್ಣು ಕೆಂಪಾಗಿ ನೋವಿನಿಂದ ಸಿಡಿಯುತ್ತದೆ. ನಿಧಾನವಾಗಿ ದಿನ ನೋಡಿ ಮಾಡಿಸಬಹುದಾಗಿದ್ದ ಶಸ್ತ್ರಚಿಕಿತ್ಸೆ ಆಗ ತುರ್ತಿನದಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಮಸೂರ ಪೂರ್ತಿ ಬೆಳ್ಳಗಾದರೆ ಹಿಂದಿನ ಅಕ್ಷಿಪಟಲ (ರೆಟಿನಾ) ವೈದ್ಯರಿಗೂ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದರೆ ಅಕ್ಷಿಪಟಲ ಕಳಚಿದೆಯೇ ಇಲ್ಲವೇ ತಿಳಿಯುತ್ತದೆ, ಆದರೆ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ತಿಳಿಯುವುದಿಲ್ಲ. ಇಷ್ಟರ ನಡುವೆ ಹೊಸ್ತಿಲು ಎಡವಿ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವವರ ಲೆಕ್ಕ ಬೇರೆ.

ಹಾಗಾದರೆ ಯಾವಾಗ ಮಾಡಿಸಬೇಕು? ಪೊರೆಯ ಬಣ್ಣ ನೋಡಿ ಅಲ್ಲ, ಮನುಷ್ಯನ ಕೆಲಸ ನೋಡಿ. ಬಸ್ಸಿನ ಬೋರ್ಡು, ಒಲೆಯ ಉರಿ, ಮೆಟ್ಟಿಲಿನ ಅಂಚು ಕಾಣದಾದಾಗ, ಎದುರು ವಾಹನದ ದೀಪ ಕಣ್ಣು ಕುಕ್ಕಿ ರಸ್ತೆಯೇ ಮಾಯವಾದಾಗ, ಆರು ತಿಂಗಳಿಗೊಮ್ಮೆ ಕನ್ನಡಕದ ನಂಬರು ಬದಲಾದಾಗ. ಇಲ್ಲಿ ಒಂದು ಮೋಸವಿದೆ. ಎಪ್ಪತ್ತರ ಅಜ್ಜ ಒಂದು ದಿನ ಚಾಳೀಸು ಕನ್ನಡಕ ತೆಗೆದಿಟ್ಟು ಬರಿಗಣ್ಣಲ್ಲೇ ಪಂಚಾಂಗ ಓದತೊಡಗುತ್ತಾರೆ. ಮನೆಮಂದಿ ‘ಅಜ್ಜನಿಗೆ ಮರಳಿ ಕಣ್ಣು ಬಂತು’ ಎಂದು ಹಿಗ್ಗುತ್ತಾರೆ. ಮಸೂರದ ನಡುಭಾಗ ಗಟ್ಟಿಯಾಗಿ ಕಣ್ಣಿಗೆ ಮೈನಸ್ ಪವರ್ ಬಂದಿರುವುದರಿಂದ ಹತ್ತಿರದ್ದು ಕಾಣುತ್ತಿದೆ, ಅಷ್ಟೆ. ದೂರದ್ದು ಅಷ್ಟೇ ಕೆಟ್ಟಿರುತ್ತದೆ. ಅದು ಪೊರೆಯ ಶುರುವಾತು.

ಶಸ್ತ್ರಚಿಕಿತ್ಸೆಗೆ ಮುನ್ನ ‘ಯಾವ ಕಂಪನಿ ಲೆನ್ಸು?’ ಎಂದು ಕೇಳುವವರು ಬಹಳ. ‘ಅಳತೆ ಹೇಗೆ ತೆಗೆದಿರಿ?’ ಎಂದು ಕೇಳುವವರು ಅಪರೂಪ. ಕೇಳಬೇಕಾದ್ದು ಎರಡನೆಯದು. ಕಣ್ಣುಗುಡ್ಡೆಯ ಉದ್ದ ಸರಾಸರಿ 23.5 ಮಿ.ಮೀ. ಇದರ ಅಳತೆಯಲ್ಲಿ 1 ಮಿ.ಮೀ. ತಪ್ಪಿದರೆ ಮಸೂರದ ಪವರು ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ನಂಬರು ಆಚೀಚೆಯಾಗುತ್ತದೆ. ಆಗ ಎಷ್ಟೇ ದುಬಾರಿ ಲೆನ್ಸು ಹಾಕಿಸಿದ್ದರೂ ದಪ್ಪ ಕನ್ನಡಕ ತಪ್ಪುವುದಿಲ್ಲ. ಅಳತೆ ತೆಗೆಯುವಾಗ ರೋಗಿ ನೇರ ದೀಪವನ್ನೇ ನೋಡಬೇಕು. ಕಾರ್ನಿಯಾದ ಮೇಲೆ ಒತ್ತಿ ಹಿಡಿಯುವ ಪೆನ್ಸಿಲಿನಂಥ ಸಾಧನದಲ್ಲಿ ಅಳೆಯುವುದಾದರೆ, ಒತ್ತಿದಷ್ಟೂ ಕಣ್ಣು ಗಿಡ್ಡವಾಗಿ ಅಳತೆ ಕಡಿಮೆ ಬರುತ್ತದೆ. ಎರಡು ಕಣ್ಣಿನ ಅಳತೆಯಲ್ಲಿ ದೊಡ್ಡ ಅಂತರ ಕಂಡರೆ ಮತ್ತೊಮ್ಮೆ ಅಳೆಯಲೇಬೇಕು.

ವೈದ್ಯರಿಗೆ ಕೇಳದಿದ್ದರೂ ಹೇಳಬೇಕಾದ ಸಂಗತಿಗಳಿವೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುತ್ತಿದ್ದರೆ, ಹಿಂದೆ ಎಂದೋ ನುಂಗಿದ್ದರೂ, ಅದನ್ನು ಮೊದಲೇ ಹೇಳಿ. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಪರದೆ ಸಡಿಲಗೊಂಡು ಶಸ್ತ್ರಚಿಕಿತ್ಸೆಯ ನಡುವೆ ಅಲೆಯಾಡುತ್ತದೆ, ಪಾಪೆ ಕುಗ್ಗುತ್ತದೆ. ಮುಂಚೆ ಗೊತ್ತಿದ್ದರೆ ಸರ್ಜನ್ ಸಿದ್ಧರಾಗಿರುತ್ತಾರೆ. ನಾಲ್ಕು ದಿನ ಮಾತ್ರೆ ಬಿಟ್ಟರೆ ಪರಿಣಾಮ ಹೋಗುವುದಿಲ್ಲ, ಹಾಗಾಗಿ ಬಿಡುವುದಕ್ಕಿಂತ ಹೇಳುವುದು ಮುಖ್ಯ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬರೀ ಡ್ರಾಪ್ಸ್ ಹಾಕಿ ಮರಗಟ್ಟಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಸದಾ ಕಣ್ಣೀರು ಸುರಿಯುತ್ತಿದ್ದರೆ ಮೂಗಿನ ಪಕ್ಕದ ಕಣ್ಣೀರಿನ ಚೀಲ ಒತ್ತಿ ನೋಡಬೇಕು. ಒತ್ತಿದಾಗ ಕೀವು ಬಂದರೆ ಮೊದಲು ಅದಕ್ಕೆ ಚಿಕಿತ್ಸೆ, ಪೊರೆ ಆಮೇಲೆ.

‘ಲೇಸರ್ ಆಪರೇಷನ್’ ಎಂದು ಜನ ಕರೆಯುವ ಫೇಕೋದಲ್ಲಿ ಲೇಸರ್ ಇಲ್ಲ. ಅದು ಕಿವಿಗೆ ಕೇಳದ ಶ್ರವಣಾತೀತ ತರಂಗ. 3 ಮಿ.ಮೀ.ಗಿಂತ ಕಿರಿದಾದ ಸೀಳಿನಿಂದ ಮಸೂರವನ್ನು ಪುಡಿ ಮಾಡಿ ಹೀರಿ, ಮಡಚಿದ ಲೆನ್ಸು ಒಳಗೆ ಬಿಡುತ್ತಾರೆ. ಸರ್ಕಾರಿ ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ಯಂತ್ರವಿಲ್ಲದ, 6ರಿಂದ 7 ಮಿ.ಮೀ. ಸೀಳಿನ, ಹೊಲಿಗೆ ಬೇಡದ ವಿಧಾನ. ಅದನ್ನು ಬಡವರ ಆಪರೇಷನ್ ಎಂದು ಮೂಗು ಮುರಿಯಬೇಡಿ. ಕಲ್ಲಿನಂತೆ ಬಲಿತ ಪೊರೆಗೆ ಪಳಗಿದ ಕೈಯಲ್ಲಿ ಅದೇ ಸುರಕ್ಷಿತ. ಲೆನ್ಸಿನ ಆಯ್ಕೆಯಲ್ಲಿ ಒಂದೇ ಎಚ್ಚರಿಕೆ: ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸು ಬೆಳಕನ್ನು ಹಂಚುತ್ತದೆ. ರಾತ್ರಿ ದೀಪದ ಸುತ್ತ ಬಳೆಗಳು ಕಾಣುತ್ತವೆ. ಗ್ಲಾಕೊಮಾ ಅಥವಾ ಅಕ್ಷಿಪಟಲದ ತೊಂದರೆ ಇರುವವರಿಗೆ ಅದು ಹೊಂದುವುದಿಲ್ಲ. ಸಾದಾ ಮಾನೋಫೋಕಲ್ ಲೆನ್ಸು, ಓದಲು ಒಂದು ಕನ್ನಡಕ, ಬಹುಮಂದಿಗೆ ಇಷ್ಟು ಸಾಕು.

ಮನೆಗೆ ಬಂದ ಮೇಲಿನ ಕೆಲಸ ಡ್ರಾಪ್ಸಿನದು, ಎಡವಟ್ಟಾಗುವುದೂ ಅಲ್ಲೇ. ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಜೋಳಿಗೆಯಲ್ಲಿ ಒಂದೇ ಹನಿ. ಎರಡು ಹನಿ ಹಾಕಿದರೆ ಎರಡನೆಯದು ಕೆನ್ನೆ ಮೇಲೆ ಇಳಿಯುತ್ತದೆ, ಕಣ್ಣು ಹಿಡಿಯುವುದೇ ಒಂದು ಹನಿ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಹನಿ ಬಿದ್ದ ಮೇಲೆ ಕಣ್ಣು ಪಿಳುಕಿಸದೆ ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿಂದ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧ ಗಂಟಲಿಗಿಳಿದು ಕಹಿಯಾಗುತ್ತದೆ. ಇನ್ನೊಂದು ಔಷಧಕ್ಕೆ ಐದು ನಿಮಿಷ ಬಿಡುವು. ಹಾಲಿನಂತಿರುವ ಸ್ಟೀರಾಯ್ಡ್ ಡ್ರಾಪ್ಸನ್ನು ಪ್ರತಿ ಸಲ ಕುಲುಕಬೇಕು, ಇಲ್ಲವಾದರೆ ಮದ್ದು ತಳದಲ್ಲೇ ಉಳಿದು ಬರೀ ನೀರು ಬೀಳುತ್ತದೆ. ಇದನ್ನು ನಾಲ್ಕರಿಂದ ಆರು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಕಣ್ಣು ತಿಳಿಯಾಯಿತೆಂದು ಹತ್ತೇ ದಿನಕ್ಕೆ ನಿಲ್ಲಿಸಿದರೆ ಒಳಗಿನ ಉರಿಯೂತ ಮರುಕಳಿಸುತ್ತದೆ. ಉಳಿದ ಅದೇ ಬಾಟಲಿಯನ್ನು ಮುಂದೆ ಯಾರದೋ ಕೆಂಗಣ್ಣಿಗೆ ಹಾಕುವುದು ಇನ್ನೂ ಅಪಾಯ, ಸ್ಟೀರಾಯ್ಡು ಕಣ್ಣಿನ ಒತ್ತಡವನ್ನು ಸದ್ದಿಲ್ಲದೆ ಏರಿಸುತ್ತದೆ.

ಶಸ್ತ್ರಚಿಕಿತ್ಸೆಯಾದ ಮೊದಲ ವಾರದಲ್ಲಿ ನೋವು ಹೆಚ್ಚಾದರೆ, ಕೆಂಪೇರಿದರೆ, ತಿಳಿಯಾಗಿದ್ದ ನೋಟ ಮತ್ತೆ ಮಸುಕಾದರೆ ಅದು ಕಣ್ಣೊಳಗಿನ ಸೋಂಕಿರಬಹುದು. ‘ಸೋಮವಾರ ತೋರಿಸಲು ಹೇಳಿದ್ದಾರಲ್ಲ’ ಎಂದು ಕೂರಬೇಡಿ. ಅವತ್ತೇ ಕಣ್ಣೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬಿದ್ದರೆ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಿಧಾನವಾಗಿ ಬರುವ ಮಂಜು ಬೇರೆ. ಪೊರೆ ಮತ್ತೆ ಬಂತೆಂದು ಜನ ಹೇಳುವುದು ಇದನ್ನೇ. ತೆಗೆದ ಪೊರೆ ಮರಳಿ ಬರುವುದಿಲ್ಲ. ಲೆನ್ಸಿನ ಹಿಂದೆ ಉಳಿಸಿದ ತೆಳು ಪದರ ಮಸುಕಾಗಿರುತ್ತದೆ. ನಿಜವಾದ ಲೇಸರ್ ಬೇಕಾಗುವುದು ಇದಕ್ಕೆ, ಕೆಲವೇ ನಿಮಿಷದ ಕೆಲಸ.

ಇನ್ನು ಪೊರೆಯಲ್ಲದ ಮಂಜು. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಕುರುಡುತನದಲ್ಲಿ ಶೇ 66.2ರಷ್ಟು ಚಿಕಿತ್ಸೆಯಾಗದ ಪೊರೆಯಿಂದ. ಉಳಿದ ಮೂರನೇ ಒಂದು ಪಾಲಿಗೆ ಕಾರಣಗಳು ಬೇರೆ. ಎರಡು ಕಾಯಿಲೆ ಒಂದೇ ಕಣ್ಣಲ್ಲಿ ಇರುವುದೂ ಉಂಟು.

ಗ್ಲಾಕೊಮಾ ಸದ್ದು ಮಾಡುವುದಿಲ್ಲ. ಅದು ನೋಟವನ್ನು ಅಂಚಿನಿಂದ ತಿನ್ನುತ್ತ ಬರುವುದರಿಂದ ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ. ಗೋಡೆಯ ಚಾರ್ಟಿನಲ್ಲಿ ಕೊನೆಯ ಸಾಲು ಓದುವವರೇ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಹಾಗಾಗಿ ಚಾರ್ಟು ಓದಿಸಿ ಕನ್ನಡಕ ಕೊಡುವ ತಪಾಸಣೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಕಣ್ಣೊಳಗಿನ ಒತ್ತಡ ಮಾಮೂಲಿ ಮಿತಿಯಾದ 21ರ ಒಳಗಿದ್ದರೂ ನರ ಸವೆಯಬಹುದು, ಆದ್ದರಿಂದ ಪಾಪೆ ಹಿಗ್ಗಿಸಿ ನರದ ಬುಡವನ್ನು ನೋಡಲೇಬೇಕು, ಅನುಮಾನವಿದ್ದರೆ ದೃಷ್ಟಿಕ್ಷೇತ್ರದ ಪರೀಕ್ಷೆಯೂ ಆಗಬೇಕು. ಡ್ರಾಪ್ಸು ಜೀವನಪರ್ಯಂತ. ಹಾಕಿದರೆ ನೋಟ ಸುಧಾರಿಸಿದಂತೆ ಅನಿಸುವುದಿಲ್ಲ, ಬಿಟ್ಟರೆ ಕೆಟ್ಟಂತೆಯೂ ತಕ್ಷಣ ಅನಿಸುವುದಿಲ್ಲ. ಜನ ಬಿಡುವುದು ಅದಕ್ಕೇ. ಬಾಟಲಿ ಖಾಲಿಯಾದರೆ ಕಾಯಿಲೆಯೂ ಮುಗಿಯಿತು ಎನ್ನುವುದು ಬಿಪಿ ಮಾತ್ರೆಯ ವಿಷಯದಲ್ಲಿ ಎಷ್ಟು ಸುಳ್ಳೋ ಇಲ್ಲೂ ಅಷ್ಟೇ ಸುಳ್ಳು. ಟಿಮೊಲಾಲ್ ಡ್ರಾಪ್ಸು ಅಸ್ತಮಾ ಇರುವವರಿಗೆ ಉಸಿರು ಕಟ್ಟಿಸಬಹುದು, ಕಣ್ಣಿನ ವೈದ್ಯರಿಗೂ ಉಬ್ಬಸದ ವಿಷಯ ಹೇಳಿ. ಒಬ್ಬರಿಗೆ ಗ್ಲಾಕೊಮಾ ಎಂದಾದರೆ ಒಡಹುಟ್ಟಿದವರೂ ನಲವತ್ತು ದಾಟಿದ ಮಕ್ಕಳೂ ತಪಾಸಣೆ ಮಾಡಿಸಿಕೊಳ್ಳಬೇಕು.

ಇದರದೇ ಇನ್ನೊಂದು ರೂಪ ರಾತ್ರೋರಾತ್ರಿ ಬರುತ್ತದೆ. ಕಣ್ಣಿನ ನೀರು ಹರಿಯುವ ಮೂಲೆ ಒಮ್ಮೆಲೇ ಮುಚ್ಚಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ವಾಂತಿಯೆಂದು ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ವಾಂತಿ, ತಲೆನೋವಿನ ಜೊತೆ ಒಂದು ಕಣ್ಣು ಕೆಂಪಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡುವುದು ಯಾರಿಗೂ ಕಷ್ಟವಲ್ಲ.

ಮೂರನೆಯದು ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ, ಎಎಂಡಿ. ಇದು ಗ್ಲಾಕೊಮಾಕ್ಕೆ ತಿರುಗುಮುರುಗು. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಅಂಗಳದಲ್ಲಿ ಸರಾಗ ನಡೆಯುವ ಅಜ್ಜಿಗೆ ಎದುರು ನಿಂತ ಮೊಮ್ಮಗಳ ಮುಖ ಸಿಗುವುದಿಲ್ಲ. ಇದರಲ್ಲಿ ಒಣ ಬಗೆ ವರ್ಷಗಟ್ಟಲೆ ಎಳೆಯುತ್ತದೆ. ಒದ್ದೆ ಬಗೆಯಲ್ಲಿ ಅಕ್ಷಿಪಟಲದ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರುತ್ತದೆ, ನೋಟ ವಾರಗಳಲ್ಲೇ ಹೋಗುತ್ತದೆ. ಮೊದಲ ಗುರುತು ನೇರ ಗೆರೆ ಸೊಟ್ಟಗಾಗುವುದು: ಕಿಟಕಿ ಸರಳು ಬಾಗಿದಂತೆ, ನೆಲದ ಟೈಲ್ಸಿನ ಗೆರೆ ಅಲೆಯಾದಂತೆ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಈ ಸೊಟ್ಟವನ್ನು ಮುಚ್ಚಿಹಾಕುತ್ತದೆ, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು.

ಒದ್ದೆ ಬಗೆಗೆ ಚಿಕಿತ್ಸೆ ಕಣ್ಣೊಳಗೆ ಇಂಜೆಕ್ಷನ್. ಹೆಸರು ಕೇಳಿದರೇ ಜನ ಎದ್ದು ಹೋಗುತ್ತಾರೆ. ನಡೆಯುವುದು ಇಷ್ಟೆ: ಮರಗಟ್ಟಿಸುವ ಹನಿ, ಶೇ 5ರ ಪೊವಿಡೋನ್ ಅಯೋಡಿನ್‌ನಿಂದ ಶುದ್ಧಿ, ಕಪ್ಪು ಭಾಗದ ಅಂಚಿನಿಂದ 3.5ರಿಂದ 4 ಮಿ.ಮೀ. ದೂರದ ಬಿಳಿ ಭಾಗದಲ್ಲಿ ಕೂದಲೆಳೆಯಂಥ ಸೂಜಿ, 0.05 ಮಿ.ಲೀ. ಔಷಧ. ಚುಚ್ಚುವುದು ಕೆಲವು ಸೆಕೆಂಡು. ತಿಂಗಳಿಗೊಂದರಂತೆ ಮೊದಲು ಮೂರು, ಆಮೇಲೆ ಸೋರಿಕೆ ನೋಡಿಕೊಂಡು ಎರಡೆರಡು ವಾರ ಅಂತರ ಹೆಚ್ಚಿಸುತ್ತಾರೆ. ಎರಡನೆಯದಕ್ಕೇ ಕಣ್ಣು ತಿಳಿಯಾಯಿತೆಂದು ಬಿಟ್ಟರೆ ನಾಳ ಮತ್ತೆ ಸೋರಿ ಕಲೆಗಟ್ಟುತ್ತದೆ, ಕಲೆಗಟ್ಟಿದ ಜಾಗಕ್ಕೆ ಯಾವ ಇಂಜೆಕ್ಷನ್ನೂ ನಾಟುವುದಿಲ್ಲ. ದುಡ್ಡಿನ ಚಿಂತೆ ಇದ್ದವರು ಬೆವಾಸಿಜುಮ್ಯಾಬ್ ಬಗ್ಗೆ ಕೇಳಬಹುದು. ಇದು ಮೂಲತಃ ಕರುಳಿನ ಕ್ಯಾನ್ಸರಿನ ಔಷಧ. ನೋಟ ಉಳಿಸುವುದರಲ್ಲಿ ದುಬಾರಿ ರಾನಿಬಿಜುಮ್ಯಾಬ್‌ಗೆ ಸಮ ಎಂದು 2011ರಲ್ಲಿ ಅಮೆರಿಕದ ಕ್ಯಾಟ್ ಅಧ್ಯಯನ ತೋರಿಸಿತು. ಒಂದು ಬಾಟಲಿಯನ್ನು ಹಲವು ಕಣ್ಣಿಗೆ ಹಂಚುವುದರಿಂದ ಶುದ್ಧವಾಗಿ ತುಂಬುವ ವ್ಯವಸ್ಥೆ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಒಣ ಬಗೆಗೆ ಮಾರುವ ‘ಕಣ್ಣಿನ ವಿಟಮಿನ್’ ಎಲ್ಲರಿಗಲ್ಲ. 2013ರ ಎರೆಡ್ಸ್-2 ಎಂಬ ಅಮೆರಿಕದ ಅಧ್ಯಯನದ ಸೂತ್ರದಲ್ಲಿ ವಿಟಮಿನ್ ಸಿ 500 ಮಿ.ಗ್ರಾಂ, ವಿಟಮಿನ್ ಇ 400 ಯೂನಿಟ್, ಲ್ಯೂಟಿನ್ 10, ಜಿಯಾಕ್ಸಾಂಥಿನ್ 2, ಜಿಂಕ್ 80, ತಾಮ್ರ 2 ಮಿ.ಗ್ರಾಂ ಇವೆ. ಮಧ್ಯಮ ಹಂತ ತಲುಪಿದವರಿಗೆ, ಇಲ್ಲವೇ ಒಂದು ಕಣ್ಣು ಆಗಲೇ ಕೆಟ್ಟವರಿಗೆ ಮಾತ್ರ ಇದರಿಂದ ಕಾಯಿಲೆ ಮುಂದುವರಿಯುವ ವೇಗ ತಗ್ಗುತ್ತದೆ. ಹೋದ ನೋಟ ಬರುವುದಿಲ್ಲ, ಕಾಯಿಲೆ ಇಲ್ಲದವರಿಗೆ ಪ್ರಯೋಜನವೂ ಇಲ್ಲ. ಬೀಟಾ ಕ್ಯಾರೋಟಿನ್ ಸೇರಿಸಿದ ಹಳೆಯ ಸೂತ್ರ ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಅವರು ಮಾತ್ರೆಗಿಂತ ಮೊದಲು ಬೀಡಿ ಬಿಡುವುದು ಮೇಲು.

ನೋಟ ತೀರಾ ಕುಂದಿದವರಲ್ಲಿ ಕೆಲವರಿಗೆ ಇಲ್ಲದ ಜನ, ಹೂಬಳ್ಳಿ, ಮೆರವಣಿಗೆ ಕಾಣುತ್ತವೆ. ಗಾಳಿ ಸೋಕಿತೆಂದೋ ಬುದ್ಧಿ ಭ್ರಮೆಯೆಂದೋ ಹೆದರಿ ಹಿರಿಯರು ಬಾಯಿಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ 1760ರಲ್ಲೇ ತನ್ನ ಅಜ್ಜನಲ್ಲಿ ಇದನ್ನು ಗುರುತಿಸಿ ಬರೆದಿದ್ದ. ಕಣ್ಣಿನಿಂದ ಸುದ್ದಿ ಬಾರದಿದ್ದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಕಾಣುವುದು ನಿಜವಲ್ಲ ಎಂದು ಅವರಿಗೇ ಗೊತ್ತಿರುತ್ತದೆ. ಹೀಗಾಗುವುದುಂಟು ಎಂದು ಒಬ್ಬರು ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಇಂಥವರಿಗೆ ಮನೆಯಲ್ಲೇ ಮಾಡಬಹುದಾದ್ದಿದೆ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಕಾಣುವುದಿಲ್ಲ, ಬಾಳೆಲೆಯ ಮೇಲೆ ಕಾಣುತ್ತದೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಳಿಯಿರಿ. ದೀಪ ಚಾವಣಿಯಲ್ಲಿರುವುದಕ್ಕಿಂತ ಹೆಗಲ ಪಕ್ಕದಲ್ಲಿ, ಓದುವ ಪುಟದ ಮೇಲೆ ಬೀಳುವಂತಿರಲಿ. ಭೂತಗನ್ನಡಿ ತಂದು ‘ಪ್ರಯೋಜನವಿಲ್ಲ’ ಎಂದು ಮೂಲೆಗೆಸೆಯುವವರು ಅದನ್ನು ಹಿಡಿಯುವ ದೂರ ತಪ್ಪಿರುತ್ತಾರೆ. ನಾಲ್ಕು ಪಟ್ಟು ಹಿಗ್ಗಿಸುವ ಕನ್ನಡಿಯನ್ನು ಅಕ್ಷರದಿಂದ ಸುಮಾರು 6 ಸೆಂ.ಮೀ. ದೂರದಲ್ಲಿಟ್ಟು ಕಣ್ಣನ್ನೂ ಅದರ ಹತ್ತಿರಕ್ಕೆ ತರಬೇಕು.

ಕೊನೆಗೆ ತಮ್ಮಲ್ಲಿ ಎರಡು ಕೋರಿಕೆ. ‘ಆಪರೇಷನ್ ಇಲ್ಲದೆ ಪೊರೆ ಕರಗಿಸುವ ಡ್ರಾಪ್ಸ್’ ಎಂಬ ಜಾಹೀರಾತು ಕನ್ನಡ ಪತ್ರಿಕೆಗಳ ವರ್ಗೀಕೃತ ಪುಟಗಳಲ್ಲಿ ಇನ್ನೂ ಇಣುಕುತ್ತಿದೆ. ಮಸೂರದ ಮಂಜನ್ನು ಕರಗಿಸಿ ತೋರಿಸಿದ ಹನಿ ಇಂದಿಗೂ ಇಲ್ಲ. ಇವುಗಳ ಜೊತೆ ಜೇನು, ಹರಳೆಣ್ಣೆ, ಎಕ್ಕದ ಹಾಲು ಸೇರಿ ಕಾರ್ನಿಯಾ ಸುಟ್ಟುಕೊಂಡವರಿದ್ದಾರೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಪೊರೆ, ಗ್ಲಾಕೊಮಾ, ಕುರುಡುತನ ಮೂರೂ ಇವೆ. ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಭಾಗಿಯಾಗುವವರಿಗೂ ಅದು ಅನ್ವಯಿಸುತ್ತದೆ. ದಯವಿಟ್ಟು ನಿಲ್ಲಿಸಿ.

ಆ ಜಾಗದಲ್ಲಿ, ಎಎಂಡಿಯ ಗುರುತು ಮನೆಯಲ್ಲೇ ತಿಳಿಯುವಂತೆ, ತಿಂಗಳಿಗೊಮ್ಮೆಯಾದರೂ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಚೌಕ ಅಚ್ಚು ಮಾಡಿ. ಒಳಗೆ 5 ಮಿ.ಮೀ. ಮನೆಗಳು, ಅಡ್ಡಕ್ಕೆ 20, ಉದ್ದಕ್ಕೆ 20, ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಕೆಳಗೆ ಇಷ್ಟು ಬರೆದರೆ ಸಾಕು: ‘ಓದುವ ಕನ್ನಡಕ ಹಾಕಿಕೊಂಡು 30 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ. ಗೆರೆ ಸೊಟ್ಟಗಾದರೆ, ಮನೆಗಳು ಮಾಯವಾದರೆ ಈ ವಾರವೇ ಅಕ್ಷಿಪಟಲದ ತಜ್ಞರಿಗೆ ತೋರಿಸಿ. ಈಗ ಇನ್ನೊಂದು ಕಣ್ಣು.’

ಒಬ್ಬ ನೇತ್ರವೈದ್ಯೆ, ಒಬ್ಬ ದೃಷ್ಟಿ ಪರೀಕ್ಷಕ
ಹಾವೇರಿ